ನಿಮ್ಮ ಕೈಗೆಷ್ಟು ಪುರುಸೊತ್ತು?

"ಸಾರ್, ನೀವು ಹಿಂದೆ ಆಡ್ತೀರೋ, ಮುಂದೆ ಆಡ್ತೀರೋ?"

ಗಟ್ಟಿಂಗ್ ಹುಡುಗ ಹೀಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಬ್ಯಾಟಿನ ಗಟ್ ತುಂಡಾಗಿತ್ತು, ಹೊಸದು ಹಾಕಿಸಲು ಹೋಗಿದ್ದೆ. "ಇಪ್ಪತ್ತೇಳಕ್ಕೆ ಹಾಕಪ್ಪ" ಅಂತ ಬಲ್ಲವನ ಹಾಗೆ ಹೇಳಿಯೂ ಆಗಿತ್ತು. ಅವನು ಬ್ಯಾಟನ್ನೊಮ್ಮೆ ನೋಡಿದ, ನನ್ನ ಮೊಣಕೈಗೆ ಬಿಗಿದಿದ್ದ ಪಟ್ಟಿಯನ್ನೊಮ್ಮೆ ನೋಡಿದ. ಆಮೇಲೆ ಬಂದದ್ದು ಈ ಪ್ರಶ್ನೆ.

ಬ್ಯಾಟು ಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಅಂಗಡಿಯಾತ ಅದನ್ನು ಶೋಕೇಸಿನಿಂದ ತೆಗೆದು ಕೈಗಿಟ್ಟು, "ಇಂಟರ್‌ನ್ಯಾಷನಲ್ ಪ್ಲೇಯರ್‌ಗಳೆಲ್ಲ ಹಿಡಿಯೋದು ಇದೇ ಸಾರ್, ಸ್ಮ್ಯಾಶ್ ಸುಮ್ನೆ ಇಳೀತಾ ಹೋಗುತ್ತೆ" ಎಂದಿದ್ದ. ಹದಿನಾಲ್ಕು ಸಾವಿರ ಎಣಿಸಿ ಕೊಟ್ಟು ಬಂದಿದ್ದೆ. ಮನೆಯಲ್ಲಿ ನಾಲ್ಕು ಸಾವಿರ ಅಂದಿದ್ದೆ, ಅದು ಬೇರೆ ಮಾತು. ಸ್ಮ್ಯಾಶೇನೋ ಇಳಿಯಿತು, ಹತ್ತರಲ್ಲಿ ಎರಡು. ಉಳಿದ ಎಂಟು ನೆಟ್ಟಿಗೆ. ಎದುರಿನವರು ಮೈಮೇಲೆ ಹೊಡೆದರಂತೂ ಬ್ಯಾಟು ಎದ್ದು ಬರುವಷ್ಟರಲ್ಲಿ ಕಾಕ್ ಎದೆಗೆ ತಾಗಿ ಕಾಲ ಬುಡದಲ್ಲಿ ಬಿದ್ದಿರುತ್ತಿತ್ತು. ಎರಡನೇ ತಿಂಗಳಿಗೆ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಯಿತು. ಬೆಳಿಗ್ಗೆ ಹಾಲಿನ ಪಾತ್ರೆ ಎತ್ತಿದರೂ ಚಳುಕು.

ನಮ್ಮದು ಆರು ಗಂಟೆಯ ಗುಂಪು. ತಗಡಿನ ಚಾವಣಿ, ಹಸಿರು ಮ್ಯಾಟು, ಒಂದು ಕೋರ್ಟಿಗೆ ಆರು ಜನ. ನಾಲ್ವರು ಆಡುತ್ತಿದ್ದರೆ ಇಬ್ಬರು ಬೆಂಚಿನಲ್ಲಿ ಕೂತು ಸ್ಕೋರು ತಪ್ಪಿಸುವವರು. ವಾರವಿಡೀ ಡಬಲ್ಸೇ. ಸಿಂಗಲ್ಸ್ ಆಡುವುದು ಹಬ್ಬಕ್ಕೆ ಉಳಿದವರೆಲ್ಲ ಊರಿಗೆ ಹೋದಾಗ, ವರ್ಷಕ್ಕೆ ಎರಡೋ ಮೂರೋ ಸಲ. ಹಾಗಿದ್ದೂ ನಮ್ಮ ಕಿಟ್‌ಬ್ಯಾಗುಗಳಿಂದ ಹೊರಬರುವ ಬ್ಯಾಟುಗಳೆಲ್ಲ ಟೀವಿಯಲ್ಲಿ ನೋಡಿದ ಸಿಂಗಲ್ಸ್ ಚಾಂಪಿಯನ್ನರವು. ರಾಜ್ಯದ ಯಾವ ಊರಿನ ಇಂಡೋರ್ ಕೋರ್ಟಿಗೆ ಹೋದರೂ ಇದೇ ಕತೆ ಎಂದು ನನ್ನ ಗುಮಾನಿ.

ಅಂಗಡಿಗಳಲ್ಲಿ ಬ್ಯಾಟುಗಳನ್ನು ಪವರ್, ಕಂಟ್ರೋಲ್, ಸ್ಪೀಡ್ ಎಂದು ಮೂರು ಜಾತಿ ಮಾಡಿ ತೂಗುಹಾಕಿರುತ್ತಾರೆ. ಮೂರೂ ಬೇಕು ಅನ್ನಿಸುವ ಪದಗಳೇ, ಹಾಗಾಗಿ ಆರಿಸಲು ಅವು ನೆರವಾಗುವುದಿಲ್ಲ. ಅವುಗಳನ್ನು ಪಕ್ಕಕ್ಕಿಟ್ಟು ಬೇರೊಂದನ್ನು ಕೇಳಿಕೊಳ್ಳಬೇಕು ಎಂದು ನನಗೆ ಮೊಣಕೈ ಕಲಿಸಿತು: ಕಾಕ್ ನನ್ನ ಹತ್ತಿರ ಬರುವ ಹೊತ್ತಿಗೆ ನನ್ನ ಕೈಗೆ ಎಷ್ಟು ಪುರುಸೊತ್ತು ಇರುತ್ತದೆ? ಕೆಲವು ಬ್ಯಾಟುಗಳು ಪುರುಸೊತ್ತು ಕೇಳುತ್ತವೆ, ಕೆಲವು ಕೊಡುತ್ತವೆ. ತೂಕ, ತಲೆಭಾರ, ಶಾಫ್ಟಿನ ಬಿಗಿ, ಗಟ್ಟಿನ ಬಿಗಿ ಎಲ್ಲವೂ ಕೊನೆಗೆ ಈ ಒಂದು ಲೆಕ್ಕಕ್ಕೇ ಬಂದು ನಿಲ್ಲುತ್ತವೆ.

ಲೆಕ್ಕ ಕಷ್ಟದ್ದೇನಲ್ಲ. ಕೋರ್ಟಿನ ಉದ್ದ 13.4 ಮೀಟರ್. ಎದುರಿನವನು ಹಿಂದಿನಿಂದ ಹೊಡೆದ ಸ್ಮ್ಯಾಶು ನಿಮ್ಮನ್ನು ಮುಟ್ಟಲು 8 ಮೀಟರ್ ಹಾರಬೇಕು ಅಂದುಕೊಳ್ಳಿ. ದಾರಿಯುದ್ದದ ಸರಾಸರಿ ವೇಗ ಗಂಟೆಗೆ 100 ಕಿಲೋಮೀಟರ್ ಎಂದು ಹಿಡಿದರೂ ನಿಮಗೆ ಸಿಗುವುದು 0.29 ಸೆಕೆಂಡ್. ನೋಡಬೇಕು, ಎಡವೋ ಬಲವೋ ತೀರ್ಮಾನಿಸಬೇಕು, ಬ್ಯಾಟು ಅಲ್ಲಿಗೆ ಒಯ್ಯಬೇಕು, ಎಲ್ಲವೂ ಅಷ್ಟರೊಳಗೆ. ಅದೇ ಸಿಂಗಲ್ಸಿನಲ್ಲಿ ಎದುರಾಳಿ ಎತ್ತರಕ್ಕೆ ಟಾಸ್ ಮಾಡಿ ಹಿಂದಕ್ಕೆ ಕಳಿಸಿದರೆ ಕಾಕ್ ಮೇಲೇರಿ ಇಳಿಯಲು ಒಂದು ಸೆಕೆಂಡಿಗೂ ಮೀರಿ ಹಿಡಿಯುತ್ತದೆ. ಅಷ್ಟರಲ್ಲಿ ಹಿಂದಕ್ಕೆ ಹೋಗಿ, ಭುಜ ತಿರುಗಿಸಿ, ಕೈಯನ್ನು ಪೂರ್ತಿ ಬೀಸಬಹುದು. ಸುತ್ತಿಗೆಯಂಥ ಬ್ಯಾಟು ಇದ್ದರೂ ನಡೆಯುತ್ತದೆ.

ಸುತ್ತಿಗೆ ಅಂದದ್ದು ಉಪಮೆಗೆ ಮಾತ್ರವಲ್ಲ. ಮನೆಯಲ್ಲಿದ್ದರೆ ತೆಗೆದುಕೊಳ್ಳಿ. ಹಿಡಿಯನ್ನು ಹಿಡಿದು ಎಡಬಲಕ್ಕೆ ಬೇಗಬೇಗ ಆಡಿಸಿ. ಆಮೇಲೆ ತಿರುಗಿಸಿ, ಕಬ್ಬಿಣದ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದು ಹಿಡಿಯನ್ನು ಆಡಿಸಿ. ತಕ್ಕಡಿಯಲ್ಲಿ ತೂಕ ಒಂದೇ, ಕೈಗೆ ಬೇರೆಯೇ. ಬೀಸುವಾಗ ಲೆಕ್ಕಕ್ಕೆ ಬರುವುದು ತೂಕ ಎಷ್ಟು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು. ದೂರ ಮೂರು ಪಟ್ಟಾದರೆ ಅದರ ಪರಿಣಾಮ ಒಂಬತ್ತು ಪಟ್ಟು. ಕೈಯಿಂದ 60 ಸೆಂಟಿಮೀಟರ್ ದೂರ, ಚೌಕಟ್ಟಿನ ನೆತ್ತಿಯಲ್ಲಿ ಕೂತ 1 ಗ್ರಾಂ, 20 ಸೆಂಟಿಮೀಟರ್ ದೂರದ 9 ಗ್ರಾಂಗೆ ಸಮ. ತಕ್ಕಡಿಯಲ್ಲಿ ಹಗುರವೆನಿಸಿದ ಬ್ಯಾಟು ಕೋರ್ಟಿನಲ್ಲಿ ಜಗ್ಗುವುದು ಇದೇ ಕಾರಣಕ್ಕೆ.

ಬ್ಯಾಟಿನ ಉದ್ದ ಸಾಮಾನ್ಯವಾಗಿ 675 ಮಿಲಿಮೀಟರ್. ನಿಯಮದ ಮಿತಿ 680. ಅದನ್ನು ತೋರುಬೆರಳ ಮೇಲೆ ಅಡ್ಡಲಾಗಿಟ್ಟು ಎಲ್ಲಿ ಸಮ ನಿಲ್ಲುತ್ತದೆ ನೋಡಿ, ಹಿಡಿಯ ಬುಡದಿಂದ ಅಲ್ಲಿಗೆ ಟೇಪ್ ಹಿಡಿದು ಅಳೆಯಿರಿ. 295 ಮಿಲಿಮೀಟರ್ ದಾಟಿದರೆ ತಲೆಭಾರದ ಬ್ಯಾಟು, 285ರೊಳಗಿದ್ದರೆ ತಲೆ ಹಗುರ, ನಡುವೆ ಇದ್ದರೆ ಸಮತೂಕ. ಕಂಪನಿಗಳು ಇದನ್ನು ಹೆಡ್ ಹೆವಿ, ಹೆಡ್ ಲೈಟ್, ಈವನ್ ಬ್ಯಾಲೆನ್ಸ್ ಎಂದು ಬರೆಯುತ್ತವೆ. ಗೆರೆಗಳು ಕಲ್ಲಿನ ಮೇಲೆ ಕೊರೆದವಲ್ಲ. ಗಟ್ ಹಾಕಿದರೆ ತಲೆಗೆ ನಾಲ್ಕು ಗ್ರಾಂನಷ್ಟು ಸೇರುತ್ತದೆ, ಹಿಡಿಗೆ ಇನ್ನೊಂದು ಸುತ್ತು ಗ್ರಿಪ್ ಸುತ್ತಿದರೆ ಸಮ ನಿಲ್ಲುವ ಜಾಗ ಹಿಡಿಯತ್ತ ಸರಿಯುತ್ತದೆ. ತಲೆ ಸ್ವಲ್ಪ ಜಗ್ಗುತ್ತಿದೆ ಅನ್ನಿಸಿದ ಬ್ಯಾಟಿಗೆ ಮೊದಲು ಮಾಡಬೇಕಾದ ಅಗ್ಗದ ಚಿಕಿತ್ಸೆಯೂ ಅದೇ.

ತೂಕದ ಗುಟ್ಟು ಶಾಫ್ಟು ಹಿಡಿಗೆ ಸೇರುವ ಕೋನಿನ ಮೇಲಿರುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೆ 4ಯು, ಜಿ5 ಎಂದೇನೋ ಕಾಣುತ್ತದೆ. ಯೋನೆಕ್ಸ್ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ಅಂಕಿ ಏರಿದಂತೆ ತೂಕ ಇಳಿಯುತ್ತದೆ. ಜಿ ಎನ್ನುವುದು ಹಿಡಿಯ ದಪ್ಪ. ಅದೂ ಹಾಗೆಯೇ, ಅಂಕಿ ದೊಡ್ಡದಾದಷ್ಟೂ ಹಿಡಿ ತೆಳು. ಬೇರೆ ಕಂಪನಿಗಳ ಲೆಕ್ಕ ಬೇರೆ, ಕೇಳಿಯೇ ಕೊಳ್ಳಬೇಕು. ತೆಳ್ಳಗಿದ್ದರೆ ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪದ್ದನ್ನು ಕೆತ್ತಿ ತೆಳು ಮಾಡಲಾಗದು. ಹಿಡಿಯ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆವರುವ ಕೈಯಾದರೆ, ಮಂಗಳೂರು ಉಡುಪಿ ಕಡೆಯವರಾದರೆ, ಟವೆಲ್ ಗ್ರಿಪ್ ಸುತ್ತಿಸಿ. ಒದ್ದೆ ಹಿಡಿಯನ್ನು ಜಾರದಂತೆ ಅದುಮಿ ಹಿಡಿಯುವುದೂ ಮೊಣಕೈ ನೋವಿಗೆ ದಾರಿ.

ಹಿಂದೆ ಆಡುವವರು, ಮುಂದೆ ಆಡುವವರು ಎಂದು ಗಟ್ಟಿಂಗ್ ಹುಡುಗ ಮಾಡಿದ ವಿಂಗಡಣೆ ಅವನ ಸ್ವಂತದ್ದೇನಲ್ಲ. ಡಬಲ್ಸಿನಲ್ಲಿ ದಾಳಿಗಿಳಿದ ಜೋಡಿ ಒಬ್ಬರ ಹಿಂದೆ ಒಬ್ಬರಾಗಿ ನಿಲ್ಲುತ್ತದೆ. ಹಿಂದಿದ್ದವರು ಸ್ಮ್ಯಾಶ್ ಹೊಡೆಯುತ್ತ ಹೋಗಬೇಕು, ಮುಂದಿದ್ದವರು ನೆಟ್ಟಿನ ಬಳಿ ಬಂದದ್ದನ್ನೆಲ್ಲ ಕತ್ತರಿಸಬೇಕು. ಯೋನೆಕ್ಸಿನ ಆಸ್ಟ್ರಾಕ್ಸ್ 88 ಎನ್ನುವ ಬ್ಯಾಟು ಎರಡು ಅವತಾರದಲ್ಲಿ ಬರುವುದು ಇದಕ್ಕಾಗಿ. 88ಡಿ ಹಿಂದಿನವರಿಗೆ, 88ಎಸ್ ಮುಂದಿನವರಿಗೆ. ಒಂದೇ ಜೋಡಿಯ ಇಬ್ಬರು ಹಿಂದೆ ಮುಂದೆ ನಿಂತು ಒಂದೇ ಹೆಸರಿನ ಎರಡು ಬೇರೆ ಬ್ಯಾಟು ಹಿಡಿಯಲಿ ಎನ್ನುವ ಯೋಚನೆ. ನಮ್ಮ ಗುಂಪಿನಲ್ಲಿ ಇದನ್ನು ಕೊಂಡವರದ್ದೆಲ್ಲ ಡಿ. ಎಸ್ ಕೊಂಡವರು ಸ್ಮ್ಯಾಶ್ ಬಾರದವರು ಅಂತ ಯಾರೋ ತಲೆಗೆ ತುಂಬಿದ್ದರು.

ಸ್ಮ್ಯಾಶಿಗೆ ತಲೆಭಾರವೇ ಬೇಕು ಎನ್ನುವ ಈ ನಂಬಿಕೆ ಎಷ್ಟು ಗಟ್ಟಿಯೆಂದರೆ, ಅದಕ್ಕೆ ಎದುರಾದ ಪುರಾವೆ ಕಣ್ಣೆದುರು ಬಂದರೂ ಯಾರೂ ಗಮನಿಸಲಿಲ್ಲ. 2023ರ ಏಪ್ರಿಲ್‌ನಲ್ಲಿ ಜಪಾನಿನ ಸೋಕಾದಲ್ಲಿ ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಬರೆದರು. ಹತ್ತು ವರ್ಷದಿಂದ ಮಲೇಷ್ಯಾದ ತಾನ್ ಬೂನ್ ಹೆಯಾಂಗ್ ಹೆಸರಲ್ಲಿದ್ದ 493 ಕಿಲೋಮೀಟರಿನ ದಾಖಲೆ ಮುರಿಯಿತು. ಸುದ್ದಿ ಎಲ್ಲರಿಗೂ ಗೊತ್ತು. ಸಾತ್ವಿಕ್ ಕೈಯಲ್ಲಿದ್ದ ಬ್ಯಾಟು ನ್ಯಾನೋಫ್ಲೇರ್ 1000ಝಡ್, ಅದು ತಲೆ ಹಗುರದ ಬ್ಯಾಟು ಎನ್ನುವುದನ್ನು ಮಾತ್ರ ನಮ್ಮ ಬೆಂಚಿನಲ್ಲಿ ಯಾರೂ ಆಡಿಕೊಳ್ಳಲಿಲ್ಲ. ಹಗುರ ತಲೆ ಹೆಚ್ಚು ವೇಗವಾಗಿ ತಿರುಗುತ್ತದೆ, ವೇಗವಾಗಿ ತಿರುಗಿದ್ದು ಕಾಕನ್ನು ವೇಗವಾಗಿ ತಳ್ಳುತ್ತದೆ. ಕಾಕಿನ ತೂಕವಾದರೂ ಎಷ್ಟು? ನಿಯಮದ ಪ್ರಕಾರ 4.74ರಿಂದ 5.50 ಗ್ರಾಂ. ಅದನ್ನು ಓಡಿಸಲು ಸುತ್ತಿಗೆ ಬೇಕಿಲ್ಲ. ಬೀಸುವ ವೇಗ ಇಲ್ಲದವರಿಗೆ ತಲೆಭಾರ ಕೊಂಚ ಒತ್ತಾಸೆ ಕೊಡುತ್ತದೆ ಎನ್ನುವುದೂ ನಿಜವೇ, ಆದರೆ ಆರಾಮಾಗಿ ಬೀಸಲು ಹೊತ್ತು ಸಿಕ್ಕಾಗ ಮಾತ್ರ. ಸಾತ್ವಿಕ್ ದಾಖಲೆ ಮಾಡಿದ್ದೂ ಪಂದ್ಯದಲ್ಲಲ್ಲ, ಪರೀಕ್ಷೆಗೆಂದೇ ಸಜ್ಜು ಮಾಡಿದ ಒಳಾಂಗಣದಲ್ಲಿ. ಅಲ್ಲೂ ಬೇಕಾದಷ್ಟು ಹೊತ್ತು ಇತ್ತು.

ನಮ್ಮ ಕಡೆಯವರ ಕೈಗೆ ಇನ್ನೊಂದು ಹಳೆಯ ಅಭ್ಯಾಸವಿದೆ. ಊರುಗಳಲ್ಲಿ ಬರೀ 'ಬ್ಯಾಡ್ಮಿಂಟನ್' ಅಂದರೆ ಬಾಲ್ ಬ್ಯಾಡ್ಮಿಂಟನ್ನೇ. ನಾವಾಡುವ ಈ ಆಟಕ್ಕೆ 'ಶಟಲ್' ಅಂತಲೇ ಹೇಳಬೇಕು. ಶಾಲೆ ಮೈದಾನದಲ್ಲಿ ಕಡೆಗೈವರಂತೆ ನಿಂತು ಹಳದಿ ಉಣ್ಣೆಯ ಚೆಂಡು ಹೊಡೆದವರು ನಲವತ್ತರ ನಂತರ ಶಟಲಿಗೆ ಬರುತ್ತಾರೆ. ಆ ಚೆಂಡು ಕಾಕಿಗಿಂತ ಐದು ಪಟ್ಟಿಗೂ ಹೆಚ್ಚು ಭಾರ, ಆ ಬ್ಯಾಟು ಇದರ ಎರಡರಷ್ಟು. ಅಲ್ಲಿ ಭುಜದಿಂದ ಇಡೀ ತೋಳು ಬೀಸಿ ಹೊಡೆಯುವುದು ಸರಿ. ಇಲ್ಲಿ ಪೆಟ್ಟು ಹುಟ್ಟುವುದು ಬಹುಪಾಲು ಮುಂಗೈಯನ್ನು ಬಾಗಿಲ ಹಿಡಿ ತಿರುಗಿಸಿದ ಹಾಗೆ ತಟ್ಟನೆ ತಿರುಗಿಸುವುದರಿಂದ, ಬೆರಳುಗಳನ್ನು ಕಡೆಯ ಗಳಿಗೆಯಲ್ಲಿ ಬಿಗಿಯುವುದರಿಂದ. ಬಾಲ್ ಬ್ಯಾಡ್ಮಿಂಟನ್ ಕೈಗೆ ಹಗುರ ಬ್ಯಾಟು ಮೊದಮೊದಲು 'ಏನೂ ಹಿಡಿದೇ ಇಲ್ಲ' ಅನ್ನಿಸುತ್ತದೆ. ಹಾಗಾಗಿ ಅವರು ಅಂಗಡಿಯಲ್ಲಿದ್ದ ಅತಿ ಭಾರದ್ದನ್ನೇ ಕೇಳುತ್ತಾರೆ. ಎರಡು ವಾರ ತಡೆದುಕೊಂಡು ಹಗುರದ್ದರಲ್ಲೇ ಆಡಿದರೆ ತೋಳಿನ ಕೆಲಸವನ್ನು ಮುಂಗೈ ಕಲಿಯುತ್ತದೆ.

ಶಾಫ್ಟಿನ ಮಾತು. ಬೀಸುವಾಗ ಅದು ಹಿಂದಕ್ಕೆ ಬಾಗಿ, ಕಾಕನ್ನು ಮುಟ್ಟುವ ಹೊತ್ತಿಗೆ ನೆಟ್ಟಗಾಗಬೇಕು. ವೇಗವಾಗಿ ಬೀಸುವವರ ಕೈಯಲ್ಲಿ ಮೆತ್ತಗಿನ ಶಾಫ್ಟು ಇನ್ನೂ ಬಾಗಿಯೇ ಇರುತ್ತದೆ, ಕಾಕ್ ಎಲ್ಲಿಗೋ ಹೋಗುತ್ತದೆ. ನಿಧಾನ ಬೀಸುವವರ ಕೈಯಲ್ಲಿ ಗಟ್ಟಿ ಶಾಫ್ಟು ಬಾಗುವುದೇ ಇಲ್ಲ, ಬೆತ್ತದಲ್ಲಿ ಹೊಡೆದ ಹಾಗಾಗುತ್ತದೆ, ಪೆಟ್ಟಿನ ಕಂಪನ ಮೊಣಕೈಗೆ ಬರುತ್ತದೆ. ನನಗೆ ಆದದ್ದು ಇದು. ದುಬಾರಿ ಬ್ಯಾಟುಗಳಲ್ಲಿ ಬಹಳಷ್ಟು ಗಟ್ಟಿ ಶಾಫ್ಟಿನವು, ಏಕೆಂದರೆ ಅವನ್ನು ಮಾಡಿದ್ದು ದಿನಕ್ಕೆ ಐದಾರು ಗಂಟೆ ತರಬೇತಿ ಮಾಡುವವರಿಗೆ. ಎರಡು ಮೂರು ಸಾವಿರದ ಗ್ರಾಫೈಟ್ ಬ್ಯಾಟಿನ ಮಧ್ಯಮ ಶಾಫ್ಟು ನಮ್ಮಂಥವರಿಗೆ ಹೆಚ್ಚು ಒಗ್ಗುತ್ತದೆ. ಹೆಚ್ಚು ದುಡ್ಡು ಕೊಟ್ಟು ಹೆಚ್ಚು ನೋವು ಕೊಳ್ಳುವ ಆಟದ ಸಾಮಾನು ಇದೊಂದೇ ಇರಬೇಕು.

ಇನ್ನು ಗಟ್. ಗಟ್ ಅಂದರೆ ಕರುಳು. ಹಿಂದೆ ಪ್ರಾಣಿಗಳ ಕರುಳಿನ ಎಳೆಗಳನ್ನೇ ಹೆಣೆಯುತ್ತಿದ್ದರು. ಈಗ ನೈಲಾನು, ಹೆಸರು ಮಾತ್ರ ಉಳಿದಿದೆ. ಬ್ಯಾಟಿಗೆ ಸಾವಿರಗಟ್ಟಲೆ ಸುರಿದು ಗಟ್ಟಿನ ಬಗ್ಗೆ "ಯಾವುದಾದ್ರೂ ಹಾಕಿ" ಅನ್ನುವವರನ್ನು ಕಂಡರೆ ಗಟ್ಟಿಂಗ್ ಹುಡುಗನಿಗೆ ಪಿತ್ತ ನೆತ್ತಿಗೇರುತ್ತದೆ. ಕಾಕನ್ನು ಮುಟ್ಟುವುದು ಗಟ್ಟು ತಾನೇ, ಚೌಕಟ್ಟಲ್ಲವಲ್ಲ. ಅವನ ಮಷೀನು ಮೇಜಿನಂತಿದೆ. ಬ್ಯಾಟನ್ನು ಮಲಗಿಸಿ ಸುತ್ತ ಆರು ಕಡೆ ಬಿಗಿಯುತ್ತಾನೆ, ಒಂದೊಂದೇ ಎಳೆ ತೂರಿಸಿ ಎಳೆಯುತ್ತಾನೆ. 27 ಪೌಂಡ್ ಅಂದರೆ ಒಂದೊಂದು ಎಳೆಗೂ 12 ಕೆ.ಜಿ. ಅಕ್ಕಿ ಚೀಲ ನೇತುಹಾಕಿ ಎಳೆದಷ್ಟು. ಸಡಿಲ ಗಟ್ಟು ಟ್ರ್ಯಾಂಪೊಲಿನ್‌ನಂತೆ ಕಾಕನ್ನು ತಾನೇ ಚಿಮ್ಮಿಸುತ್ತದೆ, ಎಲ್ಲಿ ತಾಗಿದರೂ ಸುಮಾರಾಗಿ ಹೋಗುತ್ತದೆ. ಬಿಗಿ ಗಟ್ಟು ತಾನಾಗಿ ಏನೂ ಕೊಡುವುದಿಲ್ಲ, ನೀವು ಕೊಟ್ಟಷ್ಟನ್ನೇ ಕರಾರುವಾಕ್ಕಾಗಿ ಕಳಿಸುತ್ತದೆ, ಅದೂ ನಡುಮಧ್ಯಕ್ಕೆ ತಾಗಿದರೆ. ದಿನಾ ಹೊತ್ತಿಗೆ ಸರಿಯಾಗಿ ಕಾಕಿನ ಹಿಂದೆ ಹೋಗಿ ನಿಲ್ಲುವವರು 28, 30 ಹಾಕಿಸಲಿ. ಓಡಿ ಓಡಿ ಕಡೆಗೆ ಹೇಗೋ ಮುಟ್ಟಿಸುವ ನಮಗೆ 22ರಿಂದ 24 ಸಾಕು.

ಎಳೆಯ ದಪ್ಪವೂ ಅಷ್ಟೇ. 0.70 ಮಿಲಿಮೀಟರಿನ ಬಿಜಿ 65 ತಿಂಗಳುಗಟ್ಟಲೆ ಬಾಳುತ್ತದೆ. 0.65ರ ಬಿಜಿ 66 ಅಲ್ಟಿಮ್ಯಾಕ್ಸ್ ಹೊಡೆದಾಗ ಠಣ್ ಎಂದು ಕಿವಿಗೆ ಹಿತ, ಜೇಬಿಗಲ್ಲ. ಶಬ್ದಕ್ಕೆ ಮರುಳಾಗಿ ತೆಳ್ಳನೆಯದನ್ನು ಹಾಕಿಸಿ ಎರಡನೇ ವಾರಕ್ಕೇ ಮತ್ತೆ ಅಂಗಡಿ ಮೆಟ್ಟಿಲು ಹತ್ತಿದವರಲ್ಲಿ ನಾನೂ ಒಬ್ಬ. ಒಂದು ಎಳೆ ತುಂಡಾದ ಕೂಡಲೇ ಉಳಿದವನ್ನೂ ನಡುವಿನಿಂದ ಕತ್ತರಿಸಿಬಿಡಬೇಕು. ಒಂದು ಕಡೆ ಎಳೆತ ಉಳಿದು ಇನ್ನೊಂದು ಕಡೆ ಹೋದರೆ ಚೌಕಟ್ಟು ಸೊಟ್ಟಗಾಗುತ್ತದೆ. "ನಾಳೆ ನೋಡೋಣ" ಅಂತ ಕಾರಿನ ಡಿಕ್ಕಿಯಲ್ಲಿ, ಬಿಸಿಲಲ್ಲಿ ಬಿಟ್ಟರಂತೂ ಕೇಳಲೇಬೇಡಿ.

ಊರು ಬದಲಾದರೆ ಲೆಕ್ಕವೂ ಸ್ವಲ್ಪ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಕಾಕ್ ಹೆಚ್ಚು ದೂರ ಓಡುತ್ತದೆ. ಅದಕ್ಕೇ ಇಲ್ಲಿ ನಿಧಾನದ 76 ನಂಬರಿನ ಫೆದರ್ ಕಾಕ್ ನಡೆಯುತ್ತದೆ, ಸಮುದ್ರಮಟ್ಟದ ಊರುಗಳಲ್ಲಿ 77. ಬೆಂಗಳೂರಿನ ಡಬ್ಬ ಹಿಡಿದು ಮಂಗಳೂರಿಗೆ ಹೋಗಿ ಆಡಿದ ಗೆಳೆಯ, ಕಾಕ್ ಹಿಂದಿನ ಗೆರೆ ಮುಟ್ಟುತ್ತಲೇ ಇಲ್ಲವೆಂದು ಬ್ಯಾಟನ್ನು ಬೈಯುತ್ತ ವಾಪಸಾಗಿದ್ದ.

ಇದೆಲ್ಲ ಹೊಂದಿಸಿಕೊಂಡ ಮೇಲೂ ಒಂದು ಕಿರಿಕಿರಿ ಪ್ರಶ್ನೆ ಉಳಿಯುತ್ತದೆ, ಬ್ಯಾಟಿನಿಂದ ಎಷ್ಟು, ಕೈಯಿಂದ ಎಷ್ಟು? ನನಗೆ ಪ್ರಕಾಶ್ ಪಡುಕೋಣೆ ನೆನಪಾಗುತ್ತಾರೆ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಅವರು ಆಟ ಕಲಿತದ್ದು, ಅಲ್ಲಿ ಮದುವೆಯಿದ್ದ ದಿನ ಆಟವಿಲ್ಲ. 1980ರ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಅವರ ಎದುರು ನಿಂತವರು ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್. ಅದಕ್ಕೂ ಹಿಂದಿನ ಎರಡು ವರ್ಷದ ಚಾಂಪಿಯನ್, ಜಿಗಿದು ಹೊಡೆಯುವ ಸ್ಮ್ಯಾಶಿಗೆ ಜಗತ್ತೇ ಹೆದರುತ್ತಿದ್ದ ಆಟಗಾರ. ಪ್ರಕಾಶ್ ಗೆದ್ದದ್ದು 15-3, 15-10ರಿಂದ. ಹೆಚ್ಚು ಶಕ್ತಿಯಿಂದಲ್ಲ, ಟಾಸ್, ಡ್ರಾಪ್, ಅರ್ಧ ಸ್ಮ್ಯಾಶ್, ಕಡೆಯ ಗಳಿಗೆಯವರೆಗೂ ಎಲ್ಲಿಗೆಂದು ಬಿಟ್ಟುಕೊಡದ ಮಣಿಕಟ್ಟು, ಇವುಗಳಿಂದ. ಆ ಕಾಲದ ಬ್ಯಾಟುಗಳು ಇಂದಿನವಕ್ಕಿಂತ ಭಾರ. ಕಿಂಗ್‌ನಂಥವರಿಂದ ಅವರು ಕಿತ್ತುಕೊಂಡದ್ದು ಜಿಗಿಯುವ ಪುರುಸೊತ್ತನ್ನು. ಇದನ್ನು ಯಾವ ಅಂಗಡಿಯೂ ಮಾರುವುದಿಲ್ಲ, ಆದರೆ ಬ್ಯಾಟು ಕೊಳ್ಳುವಾಗ ನೆನಪಿದ್ದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಅಂಗಡಿಗೆ ಹೋಗುವ ಮುನ್ನ ಒಂದು ವಾರ ಸುಮ್ಮನೆ ಎಣಿಸಿ ನೋಡಿ. ಪಾಯಿಂಟು ಕಳೆದುಕೊಂಡಾಗಲೆಲ್ಲ ಎಲ್ಲಿ ತಡವಾಯಿತು? ಮೈಮೇಲೆ ಬಂದ ಸ್ಮ್ಯಾಶಿಗೆ, ನೆಟ್ಟಿನ ಬಳಿಯ ಡ್ರೈವಿಗೆ ತಡವಾಗುತ್ತಿದ್ದರೆ ತಲೆ ಹಗುರದ 4ಯು ಅಥವಾ 5ಯು. ಅಲ್ಲೆಲ್ಲ ಸರಿಯಿದ್ದು, ಹಿಂದಿನಿಂದ ಹಿಂದಕ್ಕೆ ಟಾಸ್ ಮುಟ್ಟುತ್ತಿಲ್ಲ ಅಂತಾದರೆ ಕೊಂಚ ತಲೆಭಾರ, ಮೆತ್ತಗಿನ ಶಾಫ್ಟು. ಗೊತ್ತೇ ಆಗದಿದ್ದರೆ ಸಮತೂಕದ್ದು, ಅದರಲ್ಲಿ ನಾಚಿಕೆಯೇನಿಲ್ಲ. ಮಕ್ಕಳಿಗೆ ಅಪ್ಪನ ಹಳೇ ಬ್ಯಾಟು ದಾಟಿಸಬೇಡಿ. ಅಂಗಡಿಯ ಗಾಳಿಯಲ್ಲಿ ಬೀಸಿ ನೋಡಿ ಕೊಳ್ಳುವುದು ಕುದುರೆಯನ್ನು ಲಾಯದಲ್ಲಿ ನಿಲ್ಲಿಸಿ ಕೊಂಡ ಹಾಗೆ. ಬೆಂಚಿನಲ್ಲಿ ಕೂತ ಗೆಳೆಯರ ಬ್ಯಾಟುಗಳನ್ನು ಒಂದೊಂದು ಗೇಮಿಗೆ ಕಡ ಕೇಳಿ. ಎರಡನೇ ಗೇಮಿನ ಕೊನೆಯಲ್ಲಿ, ಕೈ ಸೋತಾಗ, ಬ್ಯಾಟಿನ ನಿಜರೂಪ ಗೊತ್ತಾಗುತ್ತದೆ. ಮೊದಲ ಐದು ನಿಮಿಷ ಎಲ್ಲ ಬ್ಯಾಟೂ ಚೆನ್ನವೇ. ಇಷ್ಟವಾದದ್ದರ ಹೆಸರು ಬರೆದುಕೊಂಡು ಹೋಗಿ. ಅರ್ಧ ಬೆಲೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಅದು ನಕಲು, ಗಟ್ಟಿಂಗ್ ಮೇಜಿನ ಮೇಲೆ ಚಟ್ ಎಂದು ಬಿರಿದಾಗ ಗೊತ್ತಾಗುತ್ತದೆ.

ಆ ದಿನ ನಾನು ತುಸು ತಡೆದು "ಮುಂದೆ" ಅಂದೆ. ಹುಡುಗ ನಕ್ಕು, 27ರ ಬದಲು 23ಕ್ಕೆ ಹಾಕಿದ. "ಈ ಬ್ಯಾಟು ಬೇರೆಯವ್ರಿಗೆ ಕೊಡಿ ಸಾರ್, ನೀವು ಹಗುರದ್ದೊಂದು ತಗೊಳ್ಳಿ" ಅಂತಲೂ ಅಂದ. ಎರಡು ಸಾವಿರದ ಏಳುನೂರು ಕೊಟ್ಟು 5ಯು ಒಂದನ್ನು ತಂದೆ. ಈ ಸಲ ಮನೆಯಲ್ಲಿ ನಿಜವಾದ ಬೆಲೆಯನ್ನೇ ಹೇಳಿದೆ, ನಂಬಲಿಲ್ಲ. ಹದಿನಾಲ್ಕು ಸಾವಿರದ್ದು ಈಗ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಇಂಜಿನಿಯರಿಂಗ್ ಹುಡುಗನ ಕೈಯಲ್ಲಿದೆ. ಅವನಿಗೆ ಹತ್ತೊಂಬತ್ತು, ಕೋರ್ಟಿನ ಹಿಂದುಗಡೆ ಜಿಗಿದು ಹೊಡೆಯುತ್ತಾನೆ, ಬ್ಯಾಟೂ ಖುಷಿಯಾಗಿದೆ. ಮೊನ್ನೆ ಅವನ ಸ್ಮ್ಯಾಶು ನೇರ ನನ್ನ ಎದೆಗೇ ಬಂತು. ಬ್ಯಾಟು ಎದ್ದು ಬಂತು, ತಡೆದೆ. ಕಾಕ್ ನೆಟ್ಟಿನ ಮೇಲಂಚಿಗೆ ತಾಗಿ ಒಂದು ಕ್ಷಣ ಯೋಚಿಸಿ ನಮ್ಮ ಕಡೆಗೇ ಬಿತ್ತು.